ಮಾತು ಬರುತ್ತೆ ಅಂತ ಹೋಟೆಲ್ ಕೆಲಸಕ್ಕೆ ಸೇರಿದೆ

ಇಂಟರ್‌ವ್ಯೂನಲ್ಲಿ ಅರಳು ಹುರಿದಂತೆ ಮಾತಾಡಿದೆ. ಹೋಟೆಲಿನ ಫ್ರಂಟ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಮೊದಲ ವಾರವೇ ಗೊತ್ತಾಯಿತು, ಅಲ್ಲಿ ಬೇಕಾದ ಮಾತೇ ಬೇರೆ.

ಚೆಕ್-ಇನ್‌ಗೆ ಬರುವವರು ಪ್ರಯಾಣ ಮಾಡಿ ಸುಸ್ತಾಗಿರುತ್ತಾರೆ. ನಾನು ಜಿಮ್, ಈಜುಕೊಳ ಅಂತ ವರ್ಣಿಸುತ್ತಿದ್ದರೆ ಅವರ ಕಣ್ಣು ಕೀ ಕಾರ್ಡಿನ ಮೇಲೆ. ಲಿಫ್ಟ್ ಎಲ್ಲಿದೆ, ತಿಂಡಿ ಎಷ್ಟು ಗಂಟೆಯವರೆಗೆ, ವೈಫೈ ಹೇಗೆ, ಅಷ್ಟು ಸಾಕು. ರೂಮ್ ನಂಬರ್ ಬಾಯಿಬಿಟ್ಟು ಹೇಳಬಾರದು ಅನ್ನುವುದನ್ನೂ ಅಲ್ಲೇ ಕಲಿತೆ. ಬರೆದು, ಬೆರಳಿಟ್ಟು ತೋರಿಸಬೇಕು. ಹಿಂದೆ ನಿಂತವರು ಯಾರೋ ಏನೋ! ಫೋನಿನಲ್ಲಿ ಹೆಸರು ಬರೆದುಕೊಳ್ಳುವಾಗ ಎ ಅಂದರೆ ಆಲ್ಫಾ, ಬಿ ಅಂದರೆ ಬ್ರಾವೊ, ಸಿ ಅಂದರೆ ಚಾರ್ಲಿ ಅಂತ ಅಕ್ಷರ ಬಿಡಿಸಿ ತಿರುಗಿ ಓದಬೇಕು. ಮೊದಮೊದಲು ನಾಟಕ ಅನಿಸಿತ್ತು.

ನನಗೆ ನಿಜವಾದ ಪಾಠವಾಗಿದ್ದು ಓವರ್‌ಬುಕಿಂಗ್ ಆದ ಒಂದು ರಾತ್ರಿ. ಕೆಲವರು ಬುಕ್ ಮಾಡಿಯೂ ಬರುವುದಿಲ್ಲ ಅಂತ ಹೋಟೆಲುಗಳು ಇರುವುದಕ್ಕಿಂತ ನಾಲ್ಕಾರು ರೂಮ್ ಜಾಸ್ತಿ ಬುಕ್ ಮಾಡಿಕೊಳ್ಳುವುದುಂಟು. ಅವತ್ತು ಎಲ್ಲರೂ ಬಂದರು. ಕೊನೆಗೆ ಬಂದ ದಂಪತಿಗೆ ರೂಮೇ ಇಲ್ಲ. ನಾನು ಸಿಸ್ಟಮ್ ಹಾಗಾಯಿತು, ಹೀಗಾಯಿತು ಅಂತ ಶುರು ಮಾಡಿದೆ. ಆಕೆ ತಡೆದು ಕೇಳಿದರು: "ಅದೆಲ್ಲ ಇರಲಿ, ಈಗ ನಾವು ಮಲಗುವುದು ಎಲ್ಲಿ?" ನನ್ನ ಹತ್ತಿರ ಉತ್ತರವಿರಲಿಲ್ಲ.

ಅಷ್ಟರಲ್ಲಿ ನೈಟ್ ಮ್ಯಾನೇಜರ್ ಇನ್ನೊಂದು ಹೋಟೆಲಿಗೆ ಫೋನ್ ಮಾಡಿ ಮುಗಿಸಿದ್ದರು. ಇಬ್ಬರನ್ನೂ ಕೂರಿಸಿ, ನೀರು ಕೊಟ್ಟು ಹೇಳಿದರು: "ತಪ್ಪು ನಮ್ಮದು. ಇಲ್ಲಿ ರೂಮ್ ಇಲ್ಲ. ಆ ಹೋಟೆಲಿನಲ್ಲಿ ನಿಮ್ಮ ಹೆಸರಿಗೆ ರೂಮ್ ಇಟ್ಟಿದ್ದಾರೆ, ಬಿಲ್ ನಾವು ಕೊಡುತ್ತೇವೆ. 5 ನಿಮಿಷದಲ್ಲಿ ಕಾರು ಬಾಗಿಲಿಗೆ ಬರುತ್ತೆ." ಅಷ್ಟೇ. ಕೋಪ ಇಳಿಯಲಿಲ್ಲ, ಆದರೆ ಅವರು ಎದ್ದು ಹೊರಟರು.

ಆಮೇಲೆ ನಾನು "ಈಗ ನೋಡ್ತೀನಿ" ಅನ್ನುವುದನ್ನು ಬಿಟ್ಟೆ. "10 ನಿಮಿಷದಲ್ಲಿ ಫೋನ್ ಮಾಡುತ್ತೇನೆ" ಅನ್ನುತ್ತೇನೆ. ಕೆಲಸ ಆಗದಿದ್ದರೂ ಸರಿಯಾಗಿ 10ನೇ ನಿಮಿಷಕ್ಕೆ ಫೋನ್ ಮಾಡುತ್ತೇನೆ. ಲಾಗ್‌ಬುಕ್ ಬರೆಯುವುದೂ ಬದಲಾಯಿತು. "312ರವರಿಗೆ ಸಿಟ್ಟು" ಅಂತ ಬರೆದರೆ ಮುಂದಿನ ಶಿಫ್ಟಿನವರು ಏನು ಮಾಡಬೇಕು? "312, ಎಸಿ ಶಬ್ದ, 9.40ಕ್ಕೆ ಮೆಂಟೆನೆನ್ಸ್‌ಗೆ ಹೇಳಿದೆ, ಇನ್ನೂ ಬಂದಿಲ್ಲ" ಅಂದರೆ ಅರ್ಥವಿದೆ.

ಮಾತು ಬಲ್ಲವರಿಗೆ ರಿಸೆಪ್ಷನ್ ಒಂದೇ ದಾರಿಯಲ್ಲ. ರಿಸರ್ವೇಷನ್, ಗೆಸ್ಟ್ ರಿಲೇಷನ್ಸ್, ಮದುವೆ, ಸಭೆಗಳಿಗೆ ಹಾಲ್ ಬುಕ್ ಮಾಡಿಸುವ ಬ್ಯಾಂಕ್ವೆಟ್ ಸೇಲ್ಸ್ ಇವೆ. ಅತಿಥಿಗಳಿಗೆ ಟಿಕೆಟ್, ಟೇಬಲ್, ಕಾರು ಹೊಂದಿಸಿಕೊಡುವ ಕನ್ಸಿಯರ್ಜ್ ಅಂತೂ ಪರಿಚಯಗಳ ಮೇಲೆ ನಿಂತ ಕೆಲಸ. ಕೆಲವರ ಕೋಟಿನ ಮೇಲೆ ಅಡ್ಡಡ್ಡ ಇಟ್ಟ ಎರಡು ಚಿನ್ನದ ಬಣ್ಣದ ಕೀಲಿ ಕಾಣುತ್ತವೆ. ಅದು 1929ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ಲೆ ಕ್ಲೆ ದೋರ್ ಅನ್ನುವ ಕನ್ಸಿಯರ್ಜ್‌ಗಳ ಸಂಘದ ಗುರುತು.

ನಡುವೆ ಒಂದು ಸೀಸನ್ ಟೂರ್ ಗೈಡ್ ಆಗಿಯೂ ದುಡಿದೆ. ಕೊನೆಯವರು ಬಂದು ಸೇರುವ ತನಕ ಬಾಯಿ ತೆರೆಯಬಾರದು. ಬಿಸಿಲು ಅವರ ಬೆನ್ನಿಗಿರಬೇಕು, ನಮ್ಮ ಮುಖಕ್ಕೆ ಹೊಡೆದರೂ ಸರಿ. ಬಸ್ ಹೊರಡುವ ಸಮಯ ಎರಡು ಸಲ ಹೇಳಬೇಕು. ಇತಿಹಾಸ ಮರೆತರೂ ಯಾರೂ ಬೈಯುವುದಿಲ್ಲ, ಬಸ್ ತಪ್ಪಿದರೆ ಮಾತ್ರ!

ಈಗ ನಾನೇ ಇಂಟರ್‌ವ್ಯೂ ಮಾಡುತ್ತೇನೆ. "ನಿಮ್ಮ ಬಗ್ಗೆ ಹೇಳಿ" ಅನ್ನುವುದಿಲ್ಲ. ಒಂದು ದೂರು ಹೇಳಿ ಸುಮ್ನೆ ಕೂರುತ್ತೇನೆ. ಹೆಚ್ಚಿನವರು "ಸಾರಿ ಸರ್" ಅಂತ ಶುರು ಮಾಡುತ್ತಾರೆ. ಮೊನ್ನೆ ಒಬ್ಬಳು ಕೇಳಿದಳು: "ಅವರು ಎಷ್ಟು ಹೊತ್ತಿನಿಂದ ಕಾಯುತ್ತಿದ್ದಾರೆ ಸರ್?" ಅವಳಿಗೆ ಸೋಮವಾರದಿಂದ ಬರಲು ಹೇಳಿದೆ.