ರೌಟರ್ ಬದಲಾದ ಮೇಲೆ ಸ್ಥಿರ ಐಪಿ ಇರುವ ಕಂಪ್ಯೂಟರಿಗೆ ಇಂಟರ್ನೆಟ್ ಬಾರದಿದ್ದರೆ

ಉಡುಪಿ ಕಡೆ ಮೇ ತಿಂಗಳ ಕೊನೆಗೆ ಗುಡುಗು ಕೇಳಿಸಿತೆಂದರೆ ಟಿವಿಯ ಪ್ಲಗ್ ಕೀಳಲು ಎಲ್ಲರೂ ಓಡುತ್ತಾರೆ. ಮೂಲೆಯಲ್ಲಿ ಮಿನುಗುವ ರೌಟರ್ ಯಾರಿಗೂ ನೆನಪಾಗುವುದಿಲ್ಲ. ನಮ್ಮ ಮನೆಯ ರೌಟರ್ ಹಾಗೆಯೇ ಒಂದು ಸಂಜೆ ಸಿಡಿಲಿಗೆ ಸುಟ್ಟುಹೋಯಿತು. ಹೊಸದನ್ನು ಕೂರಿಸಿದ ಮೇಲೆ ಫೋನುಗಳಿಗೆಲ್ಲ ಇಂಟರ್ನೆಟ್ ಬಂದರೂ, ಪ್ರಿಂಟರ್ ಹಂಚಿಕೊಳ್ಳಲೆಂದು ನಾನು ಸ್ಥಿರ ಐಪಿ ವಿಳಾಸ (ಮನೆಯ ಜಾಲದಲ್ಲಿ ಸಾಧನವನ್ನು ಗುರುತಿಸುವ, ಬದಲಾಗದ ಅಂಕೆ) ಕೊಟ್ಟಿದ್ದ ಡೆಸ್ಕ್‌ಟಾಪಿಗೆ ಬರಲಿಲ್ಲ. ಹಳೆಯ ರೌಟರಿನ ವಿಳಾಸ 192.168.0.1 ಆಗಿತ್ತು, ಹೊಸದರದ್ದು 192.168.1.1, ಕಂಪ್ಯೂಟರ್ ಇನ್ನೂ ಸುಟ್ಟುಹೋದ ರೌಟರನ್ನೇ ಹುಡುಕುತ್ತಿತ್ತು. (ಇಂಟರ್ನೆಟ್ ಕಂಪನಿಗಳು ಬೇರೆಯೇ ಹಣ ಪಡೆದು ಕೊಡುವ ಸಾರ್ವಜನಿಕ ಸ್ಥಿರ ಐಪಿಗೂ ಮನೆಯೊಳಗಿನ ಈ ವಿಳಾಸಕ್ಕೂ ಸಂಬಂಧವಿಲ್ಲ.)

ಇಂಥ ಸಂದರ್ಭದಲ್ಲಿ ಅಂಕೆಗಳನ್ನು ಊಹಿಸಿ ತಿದ್ದಲು ಹೋಗಬಾರದು. ಮೊದಲು ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಐಪಿ ಅಸೈನ್‌ಮೆಂಟ್ ಎಂಬುದನ್ನು ಮ್ಯಾನುಯಲ್‌ನಿಂದ ಆಟೊಮ್ಯಾಟಿಕ್‌ಗೆ ಬದಲಾಯಿಸಿ. ವೈಫೈ ಮತ್ತು ಕೇಬಲ್ ಸಂಪರ್ಕಗಳಿಗೆ ಪ್ರತ್ಯೇಕ ಸೆಟ್ಟಿಂಗ್ ಇರುವುದರಿಂದ, ಕಂಪ್ಯೂಟರ್ ಈಗ ಯಾವುದನ್ನು ಬಳಸುತ್ತಿದೆಯೋ ಅದನ್ನೇ ಬದಲಾಯಿಸಿದ್ದೀರೆಂದು ಖಚಿತಪಡಿಸಿಕೊಳ್ಳಿ. ಆಗಲೂ ಇಂಟರ್ನೆಟ್ ಬಾರದೆ, ವಿಳಾಸ 169.254 ಎಂದು ಆರಂಭವಾಗುತ್ತಿದ್ದರೆ, ರೌಟರಿನಿಂದ ಕಂಪ್ಯೂಟರಿಗೆ ವಿಳಾಸವೇ ಸಿಕ್ಕಿಲ್ಲ ಎಂದರ್ಥ. ಕೇಬಲ್, ವೈಫೈ ಅಥವಾ ರೌಟರನ್ನೇ ನೋಡಬೇಕು. ಇಂಟರ್ನೆಟ್ ಬಂದರೆ ದೋಷ ನಾವು ಬರೆದಿಟ್ಟ ಅಂಕೆಗಳಲ್ಲೇ ಇತ್ತು.

ಈಗ ಕಮಾಂಡ್ ಪ್ರಾಂಪ್ಟ್ (ಆದೇಶ ಟೈಪ್ ಮಾಡುವ ವಿಂಡೋ) ತೆರೆದು ಐಪಿಕಾನ್ಫಿಗ್ ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಸ್ಲ್ಯಾಶ್ ಹಾಕಿ ಆಲ್ ಎಂದು ಸೇರಿಸಿ (ipconfig /all). ಅಲ್ಲಿ ಕಾಣುವ ಐಪಿವಿ4 ವಿಳಾಸ (ಕಂಪ್ಯೂಟರಿನ ಐಪಿ), ಸಬ್‌ನೆಟ್ ಮಾಸ್ಕ್ (ವಿಳಾಸದ ಯಾವ ಭಾಗ ಇಡೀ ಮನೆಯ ಜಾಲದ್ದೆಂದು ತಿಳಿಸುವ ಅಂಕೆ), ಡೀಫಾಲ್ಟ್ ಗೇಟ್‌ವೇ (ರೌಟರಿನ ವಿಳಾಸ) ಮತ್ತು ಡಿಎನ್‌ಎಸ್ ಸರ್ವರ್‌ಗಳನ್ನು (ಜಾಲತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವವು) ಕಾಗದದಲ್ಲಿ ಬರೆದುಕೊಳ್ಳಿ. ಆಮೇಲೆ ಐಪಿ ಅಸೈನ್‌ಮೆಂಟನ್ನು ಮತ್ತೆ ಮ್ಯಾನುಯಲ್‌ಗೆ ಬದಲಾಯಿಸಿ ಅಂಕೆಗಳನ್ನು ತುಂಬಿ. ಮಾಸ್ಕ್ 255.255.255.0 ಆಗಿದ್ದರೆ, ನೀವು ಕೊಡುವ ಸ್ಥಿರ ವಿಳಾಸದಲ್ಲಿ ಚುಕ್ಕಿಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳ ಪೈಕಿ ಮೊದಲ ಮೂರು ಗೇಟ್‌ವೇಯದ್ದೇ ಆಗಿರಬೇಕು. ಕೊನೆಯದು 1ರಿಂದ 254ರೊಳಗಿನ, ಮನೆಯಲ್ಲಿ ಬೇರೆ ಯಾವ ಸಾಧನಕ್ಕೂ ಇಲ್ಲದ ಅಂಕೆಯಾಗಿರಬೇಕು. ವಿಂಡೋಸ್ 10ರಲ್ಲಿ ಹಲವರು ಎಡವುವುದು ಸಬ್‌ನೆಟ್ ಪ್ರಿಫಿಕ್ಸ್ ಲೆಂಗ್ತ್ ಎಂಬ ಖಾನೆಯಲ್ಲಿ. ಅಲ್ಲಿ 255.255.255.0 ಎಂದು ಬರೆದರೆ ಅದು ಒಪ್ಪುವುದಿಲ್ಲ, 24 ಎಂದಷ್ಟೇ ಬರೆಯಬೇಕು. ತಪ್ಪೇನೆಂದು ಬಿಡಿಸಿ ಹೇಳದೆ, ಸೆಟ್ಟಿಂಗ್ ಉಳಿಸಲಾಗದು ಎಂದಷ್ಟೇ ತಿಳಿಸಿ ಸುಮ್ಮನಾಗುವ ಆ ಸಂದೇಶದೆದುರು ನಾನೂ ಅರ್ಧ ಗಂಟೆ ಕಳೆದಿದ್ದೇನೆ.

ಅಂಕೆ ತುಂಬಿದ ಮೇಲೆ, ಕಮಾಂಡ್ ಪ್ರಾಂಪ್ಟಿನಲ್ಲಿ ping ಎಂದು ಬರೆದು ಮುಂದೆ ವಿಳಾಸ ಕೊಟ್ಟರೆ ಆ ವಿಳಾಸ ಉತ್ತರಿಸುತ್ತದೆಯೇ ಎಂದು ತೋರಿಸುವ ಪಿಂಗ್ ಆದೇಶದಿಂದ ಒಂದೊಂದೇ ಹೆಜ್ಜೆ ಪರೀಕ್ಷಿಸಿ. ಗೇಟ್‌ವೇಗೆ ಪಿಂಗ್ ಮಾಡಿದಾಗ ಉತ್ತರ ಬಾರದಿದ್ದರೆ ವಿಳಾಸ, ಮಾಸ್ಕ್ ಇಲ್ಲವೇ ಕೇಬಲ್‌ನಲ್ಲಿ ತೊಂದರೆಯಿರುತ್ತದೆ. ಗೇಟ್‌ವೇ ಉತ್ತರಿಸಿ, ಇಂಟರ್ನೆಟ್‌ನಲ್ಲಿರುವ ಗೂಗಲ್ ಸರ್ವರಿನ ವಿಳಾಸವಾದ 8.8.8.8 ಉತ್ತರಿಸದಿದ್ದರೆ, ಕಂಪ್ಯೂಟರಿನಲ್ಲಿ ಗೇಟ್‌ವೇ ಖಾನೆ ಖಾಲಿ ಅಥವಾ ತಪ್ಪಾಗಿದೆಯೇ ನೋಡಿ. ಸರಿಯಿದ್ದರೆ ತೊಂದರೆ ರೌಟರಿನ ಆಚೆಗಿದೆ. ಎರಡೂ ಉತ್ತರಿಸಿ ಜಾಲತಾಣಗಳು ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ ಖಾನೆಯನ್ನು ನೋಡಿ. ಆಟೊಮ್ಯಾಟಿಕ್‌ನಲ್ಲಿ ತಾನಾಗಿ ತುಂಬಿಕೊಳ್ಳುವ ಈ ಖಾನೆಯನ್ನು ಮ್ಯಾನುಯಲ್‌ನಲ್ಲಿ ನಾವೇ ತುಂಬಬೇಕು.

ಎಲ್ಲಕ್ಕಿಂತ ಹೆಚ್ಚು ಕಾಡುವುದು, ಒಮ್ಮೆ ಸರಿಯಿದ್ದು ಇನ್ನೊಮ್ಮೆ ಕೈಕೊಡುವ ಸಂಪರ್ಕ. ನೀವು 192.168.1.5 ಎಂದು ಇಟ್ಟಿದ್ದೀರಿ ಎನ್ನೋಣ. ಕಂಪ್ಯೂಟರ್ ಆರಿರುವಾಗ ನೆಂಟರ ಫೋನಿಗೆ ರೌಟರ್ ಅದೇ ವಿಳಾಸ ಕೊಟ್ಟಿರಬಹುದು. ಆಮೇಲೆ ಕಂಪ್ಯೂಟರ್ ಚಾಲೂ ಮಾಡಿದರೆ ಐಪಿಕಾನ್ಫಿಗ್‌ನಲ್ಲಿ ಆ ವಿಳಾಸದ ಪಕ್ಕ ಡೂಪ್ಲಿಕೇಟ್ ಎಂದು ಕಾಣಿಸುತ್ತದೆ. ಬ್ರೌಸರಿನಲ್ಲಿ ಗೇಟ್‌ವೇ ವಿಳಾಸ ಬರೆದರೆ ತೆರೆಯುವ ರೌಟರಿನ ಪುಟದಲ್ಲಿ ಡಿಎಚ್‌ಸಿಪಿ (ಸಾಧನಗಳಿಗೆ ತಾನಾಗಿ ವಿಳಾಸ ಕೊಡುವ ವ್ಯವಸ್ಥೆ) ಹಂಚುವ ವ್ಯಾಪ್ತಿಯನ್ನು ನೋಡಿ. ಅದರ ಕೊನೆಯ ಸಂಖ್ಯೆ 100ರಿಂದ 200ರವರೆಗೆ ಇದ್ದರೆ ನಿಮ್ಮ ಕಂಪ್ಯೂಟರಿಗೆ ಆ ವ್ಯಾಪ್ತಿಯ ಹೊರಗಿನ 50 ಕೊಡಬಹುದು.

ನಾನು ಕೊನೆಗೆ ಕಂಪ್ಯೂಟರನ್ನು ಆಟೊಮ್ಯಾಟಿಕ್‌ನಲ್ಲೇ ಬಿಟ್ಟು, ಅದರ ಮ್ಯಾಕ್ ವಿಳಾಸಕ್ಕೆ (ಜಾಲದಲ್ಲಿ ಆ ಸಾಧನದ ಯಂತ್ರಾಂಶವನ್ನು ಗುರುತಿಸುವ ಸಂಖ್ಯೆ) ರೌಟರಿನಲ್ಲೇ ಒಂದು ಐಪಿ ಕಾದಿರಿಸಿದೆ. ಇನ್ನೊಂದು ರೌಟರ್ ಸಿಡಿಲಿಗೆ ಹೋದರೂ ಕಂಪ್ಯೂಟರಿಗೆ ಇಂಟರ್ನೆಟ್ ಬರುತ್ತದೆ, ಕಾದಿರಿಸುವ ಕೆಲಸವನ್ನಷ್ಟೇ ಮತ್ತೆ ಮಾಡಬೇಕಾಗುತ್ತದೆ. ವೈಫೈ ಬಳಸುವವರು ಮಾತ್ರ ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸ್ ಎಂಬ, ಮ್ಯಾಕ್ ವಿಳಾಸವನ್ನು ಬದಲಿಸಿ ತೋರಿಸುವ ಆಯ್ಕೆಯನ್ನು ಆ ಸಂಪರ್ಕಕ್ಕೆ ಆಫ್ ಮಾಡಿಡಬೇಕು. ಇಲ್ಲದಿದ್ದರೆ ರೌಟರಿಗೆ ಅದು ಬೇರೆ ಯಾರದೋ ಕಂಪ್ಯೂಟರಿನಂತೆ ಕಾಣುತ್ತದೆ.