ಇಂಗ್ಲಿಷ್ ಎಸ್ಟೇಟಿನ ‘ಪಹಣಿ’ ಓದುವ ಬಗೆ: ನನ್ನ ಅನುಭವ

ಇಂಗ್ಲೆಂಡಿನ ಹಳೆಯ ಎಸ್ಟೇಟಿನ ಏಳುಬೀಳು ತಿಳಿಯಲು ನಾನು ಹಿಡಿಯುವುದು ಜಮೀನಿನ ಜಾಡನ್ನು. ಬಂಗಲೆಯನ್ನು ನಂಬುವಂತಿಲ್ಲ. ಬರ್ಕ್‌ಶೈರಿನ ಬ್ಯಾಸಿಲ್ಡನ್ ಪಾರ್ಕನ್ನೇ ನೋಡಿ. ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿ ದುಡ್ಡು ಮಾಡಿದ ಫ್ರಾನ್ಸಿಸ್ ಸೈಕ್ಸ್ 1776ರಲ್ಲಿ ವಾಸ್ತುಶಿಲ್ಪಿ ಜಾನ್ ಕಾರ್‌ನಿಂದ ಕಟ್ಟಿಸತೊಡಗಿದ ಮನೆ ಅದು. 1838ರಲ್ಲಿ ಜವಳಿ ವ್ಯಾಪಾರಿ ಜೇಮ್ಸ್ ಮಾರಿಸನ್ ಪಾಲಾಯಿತು. 20ನೇ ಶತಮಾನದಲ್ಲಿ ಒಳಗಿನ ಅಲಂಕಾರ ಕಿತ್ತು ಮಾರಿದರು. ಒಂದಷ್ಟು ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲ್ ಸೇರಿತು. 1950ರ ದಶಕದಲ್ಲಿ ಮನೆ ಕೊಂಡ ಐಲಿಫ್ ದಂಪತಿ ಬೇರೊಂದು ಬಂಗಲೆಯಿಂದ, ಲಿಂಕನ್‌ಶೈರಿನ ಪ್ಯಾಂಟನ್ ಹಾಲ್‌ನಿಂದ, ಸಾಮಾನು ತಂದು ಕೂಡಿಸಿದರು. ಅವೂ ಕಾರ್‌ನ ಕೆಲಸವೇ! ಶೈಲಿ ನೋಡಿ ಕಾಲ ಹೇಳಹೊರಟವರು ಅಲ್ಲೇ ಎಡವುತ್ತಾರೆ.

ನಾನು ಮೊದಲು ತೆರೆಯುವುದು ಟೈದ್ ನಕ್ಷೆ. ಚರ್ಚಿಗೆ ಸಲ್ಲುತ್ತಿದ್ದ ಹತ್ತರಲ್ಲೊಂದು ಪಾಲನ್ನು ನಗದಿಗೆ ಇಳಿಸಿದ 1836ರ ಕಾಯ್ದೆಯ ಫಲ ಇದು. ಲಂಡನ್ನಿನ ಕ್ಯೂ (Kew) ಎಂಬಲ್ಲಿರುವ ರಾಷ್ಟ್ರೀಯ ದಫ್ತರಖಾನೆಯಲ್ಲಿ ನಕ್ಷೆಗಳ ಕಡತ-ಸರಣಿ ಐಆರ್ (IR) 30, ಜೊತೆಯ ಪಟ್ಟಿಯದು ಐಆರ್ 29. ಪಟ್ಟಿ ಹೆಚ್ಚುಕಡಿಮೆ ನಮ್ಮ ಪಹಣಿಯೇ: ಒಡೆಯ, ಸಾಗುವಳಿದಾರ, ಹೊಲದ ಹೆಸರು, ಬೆಳೆಯೋ ಹುಲ್ಲೋ, ವಿಸ್ತೀರ್ಣ.

ತಪ್ಪುವುದು ಕೂಡುವಾಗ. ವಿಸ್ತೀರ್ಣ ಎಕರೆ-ರೂಡ್-ಪರ್ಚ್‌ನಲ್ಲಿರುತ್ತದೆ, 40 ಪರ್ಚ್‌ಗೆ ಒಂದು ರೂಡ್, 4 ರೂಡ್‌ಗೆ ಎಕರೆ. ಗುಂಟೆ ಗೊತ್ತಿದ್ದವರಿಗೆ ಸಲೀಸು: ರೂಡ್ ಅಂದರೆ 10 ಗುಂಟೆ, 4 ಪರ್ಚ್ ಅಂದರೆ ಒಂದು ಗುಂಟೆ. 12-3-25ಕ್ಕೆ 7-2-30 ಕೂಡಿದರೆ 20-2-15, ಅಂದರೆ 20 ಎಕರೆ 23¾ ಗುಂಟೆ. ಸ್ಪ್ರೆಡ್‌ಶೀಟಿನಲ್ಲಿ 12.325 ಎಂದು ಹಾಕಿದರೆ ಒಟ್ಟು 19.555 ಬಂದು ಒಂದು ಎಕರೆಯೇ ಮಾಯ. ಮೂರು ಕಾಲಂ ಬೇರೆ ಇಡಿ.

ಮುಂದಿನದು 1910ರ ತೆರಿಗೆ ಕಾಯ್ದೆಯ ಮೌಲ್ಯಮಾಪನ ಪುಸ್ತಕ, ಐಆರ್ 58. ಬಾಡಿಗೆ, ಕಟ್ಟಡದ ಸ್ಥಿತಿ ಎಲ್ಲ ಸಿಗುತ್ತವೆ. ಆದರೆ ನೇರ ಪುಸ್ತಕಕ್ಕೆ ಕೈಹಾಕಬೇಡಿ. ಮೊದಲು ಅದರ ನಕ್ಷೆಯಲ್ಲಿ ಸ್ವತ್ತಿನ ಸಂಖ್ಯೆ ಗುರುತು ಮಾಡಿಕೊಳ್ಳಿ. ಪುಸ್ತಕ ಜೋಡಿಸಿರುವುದು ಆದಾಯ ತೆರಿಗೆಗೆಂದು ಮಾಡಿದ ಪ್ಯಾರಿಷ್ (ವಿಭಾಗ) ಪ್ರಕಾರ, ಅದು ಊರಿನ ಪ್ಯಾರಿಷ್‌ಗೆ ಹೊಂದಬೇಕೆಂದಿಲ್ಲ. ಒಂದೇ ಸಂಖ್ಯೆ ಎರಡು ಕಡೆ ಇರುವುದು ಮಾಮೂಲು.

ಹರಾಜಿನ ಕರಪತ್ರವನ್ನು ಕೊನೆಗೆ ಓದುತ್ತೇನೆ. ಅದು ಮಾರಾಟಕ್ಕಿಟ್ಟಿದ್ದಕ್ಕೆ ಸಾಕ್ಷಿಯೇ ಹೊರತು ಮಾರಿದ್ದಕ್ಕಲ್ಲ. ಅಂಚಿನಲ್ಲಿ ಪೆನ್ಸಿಲ್ಲಿನ ಬೆಲೆ ಇದ್ದರೂ, ಆ ವಾರದ ಸ್ಥಳೀಯ ಪತ್ರಿಕೆಯಲ್ಲಿ ಯಾವ ಲಾಟನ್ನು (ಹರಾಜಿಗಿಟ್ಟ ತುಂಡನ್ನು) ಹಿಂತೆಗೆದರು ಎಂದು ನೋಡಿದ ಮೇಲೆಯೇ ಎಸ್ಟೇಟಿನ ಲೆಕ್ಕದಿಂದ ಎಕರೆ ಕಳೆಯುವುದು.