ಆನೆಕಾಡಿನಲ್ಲಿ ಕಾಲ್ನಡಿಗೆ: ಜಾಂಬಿಯಾದ ಸಫಾರಿಗೆ ಸಿದ್ಧವಾಗುವುದು ಹೀಗೆ

ನಾಗರಹೊಳೆಯಲ್ಲೋ ಬಂಡೀಪುರದಲ್ಲೋ ಸಫಾರಿಗೆ ಹೋದವರಿಗೆ ಗೊತ್ತು, ಜೀಪು ಹತ್ತಿದ ಮೇಲೆ ನೆಲಕ್ಕೆ ಕಾಲಿಡುವಂತಿಲ್ಲ. ಆನೆ ಬರಲಿ, ಹುಲಿ ಬರಲಿ, ಕೂತ ಸೀಟಿನಿಂದಲೇ ನೋಡಬೇಕು. ನಮ್ಮ ಕಾಡಿಗೆ ಆ ನಿಯಮ ಸರಿಯಾದದ್ದೇ. ಆದರೆ ಆಫ್ರಿಕಾದ ಜಾಂಬಿಯಾ ದೇಶದ ಲುವಾಂಗ್ವಾ ಕಣಿವೆಯಲ್ಲಿ ಇಳಿದು ನಡೆಯುವುದೇ ಸಫಾರಿ. ಸಿಂಹ, ಆನೆ, ಕಾಡೆಮ್ಮೆಗಳು ಓಡಾಡುವ ನೆಲದ ಮೇಲೆ ಬಂದೂಕು ಹಿಡಿದ ಕಾವಲುಗಾರನ ಹಿಂದೆ ಸಾಲಾಗಿ ಮೂರು ನಾಲ್ಕು ತಾಸು ನಡೆಯುತ್ತೀರಿ. ಒಮ್ಮೆ ಹಾಗೆ ನಡೆದು ಬಂದವನು ನಾನು. ಇಂಥ ಪ್ರವಾಸವನ್ನು ಚೆನ್ನಾಗಿ ಯೋಜಿಸಬೇಕು, ಅವಸರದಲ್ಲಿ ಬುಕ್ ಮಾಡಿ ಹೋಗಬಾರದು ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಸೌತ್ ಲುವಾಂಗ್ವಾ ರಾಷ್ಟ್ರೀಯ ಉದ್ಯಾನ ಸುಮಾರು 9,050 ಚದರ ಕಿಲೋಮೀಟರ್ ವಿಸ್ತಾರದ್ದು. 1938ರಲ್ಲಿ ಮೀಸಲು ಪ್ರದೇಶವಾಗಿ, 1972ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಆಫ್ರಿಕಾದಲ್ಲಿ ಪ್ರವಾಸಿಗರ ಕಾಲ್ನಡಿಗೆ ಸಫಾರಿ ಬೇರೂರಿದ್ದು ಇಲ್ಲೇ. ವನ್ಯಜೀವಿ ಇಲಾಖೆಯಲ್ಲಿದ್ದ ನಾರ್ಮನ್ ಕಾರ್ 1950ರಲ್ಲಿ ಕುಂದ ಜನಾಂಗದ ಹಿರಿಯ ಮುಖಂಡ ನ್ಸೆಫು ಅವರ ಬಳಿ ಹೋಗಿ ಒಂದು ಮಾತು ಕೇಳಿದರು: ನಿಮ್ಮ ನೆಲದ ಒಂದು ಭಾಗವನ್ನು ಪ್ರಾಣಿಗಳಿಗೆ ಬಿಡಿ, ಅವನ್ನು ಕೊಲ್ಲಲು ಅಲ್ಲ, ನೋಡಲು ಬರುವವರು ಕೊಡುವ ಹಣ ನಿಮ್ಮ ಜನರಿಗೆ ಸೇರಲಿ. ನ್ಸೆಫು ಒಪ್ಪಿದರು. ಬೇಟೆಗಾರರ ಜತೆ ಕಾಡು ಸುತ್ತಿ ಹೆಜ್ಜೆ ಹಿಡಿಯುವುದನ್ನು ಬಲ್ಲವರ ವಿದ್ಯೆಯೇ ಮುಂದೆ ಕ್ಯಾಮೆರಾ ಹಿಡಿದವರಿಗೆ ದಾರಿ ತೋರಿಸುವ ಕಸುಬಾಯಿತು.

ಬೇಟೆ ಪೂರ್ತಿ ಹೋಗಿಲ್ಲ. ಕೀನ್ಯಾ 1977ರಲ್ಲೇ ಅದನ್ನು ನಿಷೇಧಿಸಿತು, ಜಾಂಬಿಯಾ ಹಾಗೆ ಮಾಡಿಲ್ಲ. ಉದ್ಯಾನದೊಳಗೆ ಬೇಟೆ ಇಲ್ಲ, ಆದರೆ ಸುತ್ತಲಿನ 'ಗೇಮ್ ಮ್ಯಾನೇಜ್‌ಮೆಂಟ್ ಏರಿಯಾ' ಎಂಬ ಪ್ರದೇಶಗಳಲ್ಲಿ ಲೈಸೆನ್ಸ್ ಪಡೆದ ಬೇಟೆಗೆ ಅವಕಾಶವಿದೆ. ಆದ್ದರಿಂದ ಬುಕ್ ಮಾಡುವ ಮೊದಲು ಕ್ಯಾಂಪ್ ಎಲ್ಲಿದೆ, ನಡಿಗೆ ಎಲ್ಲಿ ನಡೆಯುತ್ತದೆ ಎಂದು ನೇರವಾಗಿ ಕೇಳಿ.

ಮೊದಲು ಗೈಡ್, ಆಮೇಲೆ ಕ್ಯಾಂಪ್

ಹೆಚ್ಚಿನವರು ಟೆಂಟಿನ ಫೋಟೊ, ಈಜುಕೊಳ, ಊಟದ ಮೇಜು ನೋಡಿ ಜಾಗ ಆರಿಸುತ್ತಾರೆ. ಜೀಪಿನ ಸಫಾರಿಗೆ ಅದು ನಡೆಯುತ್ತದೆ. ಕಾಲ್ನಡಿಗೆಯಲ್ಲಿ ನಿಮ್ಮ ಜೀವವನ್ನು ಒಬ್ಬ ಮನುಷ್ಯನ ಕಣ್ಣು, ಕಿವಿ, ವಿವೇಕದ ಮೇಲೆ ಬಿಟ್ಟಿರುತ್ತೀರಿ. ಆ ಮನುಷ್ಯ ಯಾರು ಎಂಬುದೇ ಮೊದಲ ಪ್ರಶ್ನೆ.

ಸಾಲಿನ ಮುಂದೆ ರಾಷ್ಟ್ರೀಯ ಉದ್ಯಾನ ಇಲಾಖೆಯ ಬಂದೂಕುಧಾರಿ ಸ್ಕೌಟ್ ಇರುತ್ತಾನೆ. ಅವನಿಲ್ಲದೆ ಉದ್ಯಾನದಲ್ಲಿ ನಡೆಯಲು ಕಾನೂನಿನ ಅನುಮತಿಯಿಲ್ಲ. ಅವನ ಹಿಂದೆ ಗೈಡ್. ಪರೀಕ್ಷೆ ಪಾಸಾಗಿ ನಡಿಗೆಗೆ ಪ್ರತ್ಯೇಕ ಅರ್ಹತೆ ಪಡೆದವನು. ಎಲ್ಲಿ ನಿಲ್ಲಬೇಕು, ಎಲ್ಲಿ ಹಿಂದೆ ಸರಿಯಬೇಕು ಎಂಬ ತೀರ್ಮಾನ ಅವನದು. ಆಮೇಲೆ ಪ್ರವಾಸಿಗರು, ಕಡೆಯಲ್ಲಿ ಟೀ ಡಬ್ಬಿ ಹೊತ್ತ ಸಹಾಯಕ. ಒಳ್ಳೆಯ ಗೈಡಿದ್ದರೆ ಬಂದೂಕು ಹೆಗಲಿನಿಂದ ಇಳಿಯುವುದೇ ಇಲ್ಲ. ಪ್ರಾಣಿಗೆ ಸಿಟ್ಟು ಬರುವ ಮೊದಲೇ ದಾರಿ ಬದಲಿಸುವುದು ಅವನ ಹೆಚ್ಚುಗಾರಿಕೆ.

ಕ್ಯಾಂಪಿನವರಿಗೆ ಪತ್ರ ಬರೆಯುವಾಗ ಇವನ್ನು ಕೇಳಿ. ಗೈಡ್ ಎಷ್ಟು ವರ್ಷಗಳಿಂದ ಜನರನ್ನು ನಡೆಸುತ್ತಿದ್ದಾನೆ? ಎಲ್ಲ ದಿನವೂ ಅವನೇ ಇರುತ್ತಾನೆಯೇ? ಗುಂಪಿನಲ್ಲಿ ಎಷ್ಟು ಜನ? ಆರಕ್ಕಿಂತ ಹೆಚ್ಚಾದರೆ ನಾನು ಹಿಂಜರಿಯುತ್ತೇನೆ, ಸಾಲು ಉದ್ದವಾದಷ್ಟೂ ಕೊನೆಯವನಿಗೆ ಗೈಡಿನ ಪಿಸುಮಾತು ಕೇಳುವುದಿಲ್ಲ. 'ವಾಕಿಂಗ್ ಸಫಾರಿ' ಎಂದರೆ ದಿನಾ ಬೆಳಗ್ಗೆ ನಿಜವಾದ ನಡಿಗೆಯೋ, ಜೀಪು ನಿಲ್ಲಿಸಿ ಅರ್ಧ ಗಂಟೆ ಸುತ್ತಾಡಿಸುವುದೋ? ಎರಡಕ್ಕೂ ಅದೇ ಹೆಸರು ಇಡುತ್ತಾರೆ. ಮಕ್ಕಳ ವಯಸ್ಸನ್ನು ಮುಚ್ಚಿಡಬೇಡಿ. ಸಾಮಾನ್ಯವಾಗಿ 12 ವರ್ಷಕ್ಕಿಂತ ಚಿಕ್ಕವರನ್ನು ನಡಿಗೆಗೆ ಸೇರಿಸುವುದಿಲ್ಲ. ಆ ಕಟ್ಟುನಿಟ್ಟು ಇರುವ ಕ್ಯಾಂಪೇ ನಂಬಲರ್ಹ.

ಇನ್ನೊಂದು ಸಲಹೆ. ಮೊದಲ ಎರಡು ದಿನ ಜೀಪಿನ ಸಫಾರಿಗೆ ಇಡಿ. ಇಲ್ಲಿ ಇಳಿಸಂಜೆಯ ನಂತರವೂ ಲೈಟು ಹಿಡಿದು ಓಡಾಡಲು ಅವಕಾಶವಿದೆ, ಚಿರತೆ ಕಾಣಲು ಅದೇ ಸರಿಯಾದ ಹೊತ್ತು. ಪ್ರಾಣಿ 'ಎಣಿಸುವ' ಹಸಿವು ಅಲ್ಲಿ ತೀರಿದರೆ ನಡಿಗೆಗೆ ಮನಸ್ಸು ಹದವಾಗುತ್ತದೆ. ನಡೆಯುವಾಗ ಕಾಣುವ ಪ್ರಾಣಿಗಳು ಕಡಿಮೆ, ಅವು ದೂರದಲ್ಲೂ ಇರುತ್ತವೆ. 'ಬಿಗ್ ಫೈವ್' ಪಟ್ಟಿ ಹಿಡಿದು ಹೋಗುವವರಿಗೆ ಒಂದು ಮಾತು: ಆ ಹೆಸರು ಹುಟ್ಟಿದ್ದೇ ಬೇಟೆಗಾರರ ನಡುವೆ. ನೆಲದ ಮೇಲೆ ನಿಂತು ಹೊಡೆಯಲು ಅತಿ ಅಪಾಯಕಾರಿಯಾದ ಐದು ಪ್ರಾಣಿಗಳು ಅವು: ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಘೇಂಡಾಮೃಗ. ಸೌತ್ ಲುವಾಂಗ್ವಾದಲ್ಲಿ ನಾಲ್ಕೇ ಇವೆ. ಘೇಂಡಾಮೃಗವನ್ನು ಕಳ್ಳಬೇಟೆ ಅಳಿಸಿಹಾಕಿತು. ಉತ್ತರದ ನಾರ್ತ್ ಲುವಾಂಗ್ವಾ ಉದ್ಯಾನಕ್ಕೆ ಮಾತ್ರ 2003ರಿಂದ ಅವನ್ನು ಮತ್ತೆ ತಂದು ಬಿಡಲಾಗಿದೆ.

ಯಾವ ತಿಂಗಳು?

ಜೂನ್‌ನಿಂದ ಅಕ್ಟೋಬರ್. ನವೆಂಬರ್‌ನಲ್ಲಿ ಮಳೆ ಹಿಡಿದರೆ ಕಪ್ಪು ಮಣ್ಣಿನ ದಾರಿಗಳು ಕೆಸರಾಗಿ, ಹುಲ್ಲು ಆಳೆತ್ತರ ಬೆಳೆದು, ಒಳಕಾಡಿನ ಕ್ಯಾಂಪುಗಳು ಮುಚ್ಚುತ್ತವೆ. ಹುಲ್ಲು, ಜೊಂಡು, ಗಳಗಳಲ್ಲಿ ಕಟ್ಟಿದ ಅನೇಕ ಕ್ಯಾಂಪುಗಳನ್ನು ಪ್ರತಿ ವರ್ಷ ಹೊಸದಾಗಿಯೇ ಕಟ್ಟುತ್ತಾರೆ.

ಜೂನ್, ಜುಲೈನಲ್ಲಿ ಬೆಳಗಿನ ಉಷ್ಣಾಂಶ 10–12 ಡಿಗ್ರಿಗೆ ಇಳಿಯುವುದುಂಟು, ನಡೆಯಲು ಹಿತ. ಅಕ್ಟೋಬರ್‌ನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಆದರೆ ನೀರು ನದಿಯಲ್ಲಿ ಮಾತ್ರ ಉಳಿದು ಪ್ರಾಣಿಗಳೆಲ್ಲ ಅಲ್ಲಿಗೇ ಬರುವುದೂ ಆಗಲೇ. ನನ್ನ ಆಯ್ಕೆ ಸೆಪ್ಟೆಂಬರ್. ಆ ಹೊತ್ತಿಗೆ ನಮ್ಮ ಕಳ್ಳಿಪೀರದ ನೆಂಟರಾದ ಕಾರ್ಮೈನ್ ಬೀ-ಈಟರ್ ಹಕ್ಕಿಗಳು ನದಿಯ ಕಡಿದಾದ ದಂಡೆಯಲ್ಲಿ ಬಿಲ ಕೊರೆದು ಗೂಡು ಮಾಡುತ್ತಿರುತ್ತವೆ. ದಂಡೆಗೆ ದಂಡೆಯೇ ಕುಂಕುಮ ಎರಚಿದ ಹಾಗೆ ಕೆಂಪಾಗಿರುತ್ತದೆ.

ದಾರಿ, ದುಡ್ಡು

ಬೆಂಗಳೂರಿನಿಂದ ರಾಜಧಾನಿ ಲುಸಾಕಾಗೆ ನೇರ ವಿಮಾನವಿಲ್ಲ. ಅಡಿಸ್ ಅಬಾಬಾ, ದುಬೈ ಅಥವಾ ನೈರೋಬಿಯಲ್ಲಿ ವಿಮಾನ ಬದಲಿಸಬೇಕು. ಲುಸಾಕಾದಿಂದ ಉದ್ಯಾನದ ಬಾಗಿಲಾದ ಮ್ಫುವೆ ಊರಿಗೆ ಸಣ್ಣ ವಿಮಾನದಲ್ಲಿ ಒಂದು ತಾಸಿಗಿಂತ ಸ್ವಲ್ಪ ಹೆಚ್ಚು. ರಸ್ತೆಯಲ್ಲಾದರೆ ಚಿಪಾಟ ಮೂಲಕ ಸುಮಾರು 700 ಕಿಲೋಮೀಟರ್. ಸಣ್ಣ ವಿಮಾನದಲ್ಲಿ ಲಗೇಜು ಮಿತಿ ಬಿಗಿಯಾಗಿರುತ್ತದೆ, 15 ಕೆ.ಜಿ.ಯ ಮೆತ್ತನೆಯ ಬ್ಯಾಗು ಎಂದುಕೊಂಡೇ ಕಟ್ಟಿ. ಗಟ್ಟಿ ಸೂಟ್‌ಕೇಸು ಬೇಡ.

ಖರ್ಚು ದೊಡ್ಡದೇ. ಒಳಕಾಡಿನ ಕ್ಯಾಂಪುಗಳು ಒಬ್ಬರಿಗೆ ಒಂದು ರಾತ್ರಿಗೆ ಕೆಲವು ನೂರು ಡಾಲರಿನಿಂದ ಸಾವಿರ ಡಾಲರ್ ದಾಟುವವರೆಗೂ ಕೇಳುತ್ತವೆ. ಊಟ, ನಡಿಗೆ, ಪಾರ್ಕ್ ಶುಲ್ಕ, ವಿಮಾನ ನಿಲ್ದಾಣದಿಂದ ಕರೆತರುವುದು ಎಲ್ಲ ಅದರಲ್ಲಿ ಸೇರಿದೆಯೇ ಎಂದು ಬರಹದಲ್ಲೇ ಪಡೆಯಿರಿ. ಕೈ ಬಿಗಿಯಿದ್ದರೆ ಉದ್ಯಾನದ ಹೊರಗೆ, ಮ್ಫುವೆ ಕಡೆಯ ದಂಡೆಯ ಸರಳ ಲಾಡ್ಜಿನಲ್ಲಿ ಉಳಿದು, ಪ್ರತಿ ನಡಿಗೆಗೆ ಬೇರೆ ಹಣ ಕೊಡುವ ಏರ್ಪಾಡೂ ಇದೆ. ಗೈಡ್, ಸ್ಕೌಟ್, ಅಡುಗೆಯವರಿಗೆ ಟಿಪ್ಸ್ ಕೊಡಲು ಹೊಸ, ಮಾಸದ ಡಾಲರ್ ನೋಟುಗಳನ್ನು ಬೇರೆ ಇಟ್ಟುಕೊಳ್ಳಿ.

ವಿಮೆಯಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಪಾಲಿಸಿಯಲ್ಲಿ ಕಾಲ್ನಡಿಗೆ ಸಫಾರಿ ಸೇರಿದೆಯೇ, ಕಾಡಿನಿಂದ ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ವೆಚ್ಚ ಬರುತ್ತದೆಯೇ ಎಂದು ಓದಿ ನೋಡಿ. ದೊಡ್ಡ ಆಸ್ಪತ್ರೆ ಅಲ್ಲಿ ಪಕ್ಕದ ಊರಿನಲ್ಲಿ ಇರುವುದಿಲ್ಲ.

ಕಾಗದಪತ್ರ ಮತ್ತು ಸೂಜಿ

ಹೊರಡುವ ಎರಡು ತಿಂಗಳ ಮೊದಲೇ ಶುರು ಮಾಡಿ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಜಾಂಬಿಯಾ ವಲಸೆ ಇಲಾಖೆಯ ಜಾಲತಾಣದಲ್ಲೇ ನೋಡಿ. ಪಾಸ್‌ಪೋರ್ಟಿನ ಅವಧಿ ಆರು ತಿಂಗಳಿಗಿಂತ ಹೆಚ್ಚಿರಲಿ.

ನಮ್ಮವರು ಎಡವುವುದು ಹಳದಿಜ್ವರದ ಲಸಿಕೆಯಲ್ಲಿ. ಇಥಿಯೋಪಿಯಾ, ಕೀನ್ಯಾ ಈ ರೋಗದ ಪಟ್ಟಿಯಲ್ಲಿರುವ ದೇಶಗಳು. ಅಲ್ಲಿ ಇಳಿದು ಹೆಚ್ಚು ಹೊತ್ತು ಕಳೆದು ಭಾರತಕ್ಕೆ ಮರಳುವವರ ಬಳಿ ಪ್ರಮಾಣಪತ್ರ ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು, ಸರಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ಒಮ್ಮೆ ಹಾಕಿಸಿದರೆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ.

ಲುವಾಂಗ್ವಾ ಮಲೇರಿಯಾ ಇರುವ ಜಾಗ. ತಡೆಗಟ್ಟುವ ಮಾತ್ರೆ ಯಾವುದೆಂದು ವೈದ್ಯರೇ ಹೇಳಬೇಕು. ಕೆಲವನ್ನು ಹಿಂದಿನ ದಿನದಿಂದ ಶುರು ಮಾಡಿ ಮರಳಿದ ಮೇಲೆ ಒಂದು ವಾರ, ಇನ್ನು ಕೆಲವನ್ನು ನಾಲ್ಕು ವಾರ ನುಂಗಬೇಕಾಗುತ್ತದೆ.

ಬೂಟು, ಬಟ್ಟೆ, ಊಟ

ಉತ್ತರ ಕರ್ನಾಟಕದ ಎರೆಹೊಲವನ್ನು ಏಪ್ರಿಲ್ಲಿನಲ್ಲಿ ದಾಟಿದವರಿಗೆ ಲುವಾಂಗ್ವಾದ ನೆಲ ಸುಲಭವಾಗಿ ಅರ್ಥವಾಗುತ್ತದೆ. ಅದೇ ಕಪ್ಪು ಮಣ್ಣು, ಅದೇ ಬಿರುಕು. ಜತೆಗೆ ಮಳೆಗಾಲದ ಕೆಸರಿನಲ್ಲಿ ಆನೆ, ನೀರಾನೆಗಳು ಊರಿದ ಹೆಜ್ಜೆಗಳು ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಕುಳಿಗಳಾಗಿರುತ್ತವೆ. ಕಾಲು ಉಳುಕುವುದು ಅಲ್ಲೇ. ಹಿಮ್ಮಡಿಗಂಟು ಮುಚ್ಚುವ ಬೂಟು ಕೊಂಡು ಒಂದು ತಿಂಗಳು ಹಾಕಿ ಪಳಗಿಸಿ, ವಾರಕ್ಕೆ ನಾಲ್ಕು ದಿನ ಏಳೆಂಟು ಕಿಲೋಮೀಟರ್ ನಡೆಯಿರಿ. ಪಾರ್ಕಿನ ಟೈಲ್ಸ್ ಮೇಲಲ್ಲ, ಹೊಲದ ಬದುವಿನ ಮೇಲೆ.

ಬಟ್ಟೆ ಖಾಕಿ, ಕಂದು, ಮಾಸಲು ಹಸಿರು. ಬಿಳಿ ದೂರದಿಂದ ಹೊಳೆಯುತ್ತದೆ. ಗಾಢ ನೀಲಿ ಮತ್ತು ಕಪ್ಪು ಟ್ಸೆಟ್ಸೆ ನೊಣವನ್ನು ಸೆಳೆಯುತ್ತವೆ, ಅದರ ಕಡಿತ ಜೀನ್ಸ್ ಬಟ್ಟೆಯನ್ನೂ ದಾಟುತ್ತದೆ. ಸೆಂಟು, ಪೌಡರು ಬೇಡ. ಭಾರದ ಲೆನ್ಸಿಗಿಂತ ಒಂದು ಒಳ್ಳೆಯ ಬೈನಾಕ್ಯುಲರ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸಸ್ಯಾಹಾರಿಗಳು ಬುಕ್ ಮಾಡುವಾಗಲೇ 'ಮೊಟ್ಟೆ, ಮೀನು ಕೂಡ ಇಲ್ಲ' ಎಂದು ಬಿಡಿಸಿ ಬರೆಯಿರಿ, ಕಾಡಿಗೆ ತರಕಾರಿ ದೂರದಿಂದ ಬರಬೇಕು. ಮತ್ತೆ, ಸಿಬ್ಬಂದಿಯ ಊಟ ಒಮ್ಮೆ ಕೇಳಿ ಪಡೆಯಿರಿ. ಮೆಕ್ಕೆಜೋಳದ ಹಿಟ್ಟಿನ 'ನ್ಶಿಮಾ' ಅದು. ಕೈಯಲ್ಲಿ ಮುರಿದು, ಉಂಡೆ ಮಾಡಿ, ಸೊಪ್ಪಿನ ಪಲ್ಯದಲ್ಲಿ ಅದ್ದಿ ತಿನ್ನುತ್ತಾರೆ. ಮುದ್ದೆ ಉಂಡು ಬೆಳೆದ ಕೈಗೆ ಅದನ್ನು ಹೇಳಿಕೊಡಬೇಕಿಲ್ಲ. ಉಂಡಾದ ಮೇಲೆ 'ಜಿಕೊಮೊ' ಎಂದರೆ ಧನ್ಯವಾದ ಹೇಳಿದಂತೆ.

ಕಾಡಿನೊಳಗೆ

ಬೆಳಗ್ಗೆ ಆರರ ಸುಮಾರಿಗೆ ಹೊರಡುತ್ತಾರೆ. ಮೊದಲ ಹೆಜ್ಜೆಗೆ ಮುಂಚೆ ಗೈಡ್ ನಿಯಮ ಹೇಳುತ್ತಾನೆ: ಒಂದೇ ಸಾಲು, ಮಾತಿಲ್ಲ, ಏನಾದರೂ ಕಂಡರೆ ನಾಲಿಗೆಯಿಂದ ಲೊಚಗುಟ್ಟಿ. ಏನೇ ಆದರೂ ಓಡಬೇಡಿ. ಈ ಕೊನೆಯದನ್ನು ಮನೆಯಲ್ಲೇ ಮನಸ್ಸಿಗೆ ಹತ್ತಾರು ಸಲ ಹೇಳಿಕೊಂಡು ಹೋಗಿ. ಓಡುವುದು ಸಿಂಹದ ಕಣ್ಣಿಗೆ ಬೇಟೆಯ ಗುರುತು.

ಗೈಡ್ ಆಗಾಗ ಚಿಟಿಕೆ ಧೂಳು ಉದುರಿಸಿ ಗಾಳಿಯ ದಿಕ್ಕು ನೋಡುತ್ತಾನೆ. ನಮ್ಮ ವಾಸನೆ ಆನೆಗೆ ಮುಟ್ಟದ ಕಡೆಯಿಂದಲೇ ದಾರಿ. ನೀರಾನೆ ದಂಡೆಯ ಮೇಲೆ ಮೇಯುತ್ತಿದ್ದರೆ ಅದಕ್ಕೂ ನೀರಿಗೂ ನಡುವೆ ಹೋಗುವುದಿಲ್ಲ, ಬೆದರಿದರೆ ಅದು ನೇರ ನೀರಿಗೇ ನುಗ್ಗುತ್ತದೆ. ಅವನು ಹೆಚ್ಚು ಅಂಜುವುದು ಹಿಂಡು ಬಿಟ್ಟು ಪೊದೆಯಲ್ಲಿ ಮಲಗಿದ ಮುದಿ ಕಾಡೆಮ್ಮೆ ಗೂಳಿಗೆ. ನಮ್ಮ ಕಾಡಿನಲ್ಲಿ ಜಿಂಕೆ, ಮುಸುವ ಕೂಗಿ ಹುಲಿಯ ಸುಳಿವು ಕೊಡುವಂತೆ, ಅಲ್ಲಿ ಕಾಡೆಮ್ಮೆಯ ಬೆನ್ನ ಮೇಲಿನ ಉಣ್ಣಿಹುಳ ಹೆಕ್ಕುವ ಆಕ್ಸ್‌ಪೆಕರ್ ಹಕ್ಕಿ ಸುಳಿವು ಕೊಡುತ್ತದೆ. ಅದರ ಚಿರ್ರೆನ್ನುವ ದನಿ ಪೊದೆಯಿಂದ ಎದ್ದರೆ ಇಡೀ ಸಾಲು ನಿಂತುಬಿಡುತ್ತದೆ. ಎರಡನೇ ದಿನ ಹಾಗೆ ನಿಂತಾಗ ನನಗೆ ಪೊದೆಯಲ್ಲಿ ಏನೂ ಕಾಣಲಿಲ್ಲ. ಗೈಡ್ ಬೆರಳು ತೋರಿಸಿದ ಕಡೆ ದಿಟ್ಟಿಸಿದೆ, ಕಪ್ಪು ನೆರಳೊಂದು ಕಿವಿ ಅಲ್ಲಾಡಿಸಿತು. ನಾವು ಹಿಮ್ಮೆಟ್ಟಿ ಅರ್ಧ ತಾಸು ಸುತ್ತಿ ಹೋದೆವು.

ಉಳಿದ ಹೊತ್ತೆಲ್ಲ ನೆಲದ ಓದು. ಉಗುರಿನ ಗುರುತಿಲ್ಲದ ಹೆಜ್ಜೆ ಚಿರತೆಯದು, ಉಗುರು ಮೂಡಿದ್ದರೆ ಕತ್ತೆಕಿರುಬ. ಸುಣ್ಣದಂತೆ ಬೆಳ್ಳಗಾದ ಲದ್ದಿಯೂ ಕತ್ತೆಕಿರುಬದ್ದೇ, ಮೂಳೆ ತಿಂದು ಅರಗಿಸಿಕೊಳ್ಳುವುದರಿಂದ ಆ ಬಣ್ಣ. ದೂರದಲ್ಲಿ ಮರದ ತುದಿ ಮೇಯುವ ಥಾರ್ನಿಕ್ರಾಫ್ಟ್ ಜಿರಾಫೆ ಈ ಕಣಿವೆ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಕಾಡಿನಲ್ಲಿಲ್ಲ.

ಒಂಬತ್ತರ ಹೊತ್ತಿಗೆ ಟೀಗೆ ನಿಲ್ಲಿಸುತ್ತಾರೆ. ನಮಗೆ ಕೂರಲು ಸಿಕ್ಕಿದ್ದು ಹುಣಸೆ ಮರದ ನೆರಳು. ಹುಣಸೆ ಮೂಲತಃ ಆಫ್ರಿಕಾದ್ದು ಎಂದು ಓದಿದ್ದೆ, ಅದರ ತವರಿನಲ್ಲಿ ಕೂತು ಕಾಯಿ ಮುರಿದು ಚೀಪಿದಾಗ ಮನಸ್ಸು ತುಂಬಿ ಬಂತು.

ಕ್ಯಾಂಪಿಗೆ ಮರಳಿದೊಡನೆ ಸಾಕ್ಸು ಕಳಚಿ ಕಾಲು, ಮಂಡಿಯ ಹಿಂಭಾಗ, ಸೊಂಟದ ಸುತ್ತ ಉಣ್ಣಿಹುಳ ಹತ್ತಿದೆಯೇ ನೋಡಿಕೊಳ್ಳಿ. ಊರಿಗೆ ಬಂದ ಮೇಲೂ ಮಲೇರಿಯಾ ಮಾತ್ರೆಯನ್ನು ಹೇಳಿದಷ್ಟು ದಿನ ನುಂಗಿ, ನಡುವೆ ಬಿಡಬೇಡಿ. ಮುಂದಿನ ಕೆಲವು ತಿಂಗಳಲ್ಲಿ ಯಾವಾಗ ಜ್ವರ ಬಂದರೂ ಅದೇ ದಿನ ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಕೇಳುವ ಮೊದಲೇ 'ಆಫ್ರಿಕಾದ ಕಾಡಿಗೆ ಹೋಗಿದ್ದೆ' ಎಂದು ಹೇಳಿ.